ಡಿಸ್ಕ್ ಇತ್ತು, ಕರ್ನೆಲ್‌ಗೆ ಪರಿಚಯ ಇರಲಿಲ್ಲ

ವಿಡಿಯೋ ನೋಡೋಕೆ ಪುರುಸೊತ್ತು ಇಲ್ಲದವರಿಗೆ, ಲೋಕಲ್ ಟ್ರೈನಲ್ಲೋ ಮೆಟ್ರೋದಲ್ಲೋ ನಿಂತುಕೊಂಡು ಓದೋರಿಗೆ, ಇದು ಈ ವಾರದ ಮಾತಿನ ಬರಹ ರೂಪ. ಮಾತಾಡುವಾಗಿನ ತಡವರಿಕೆಗಳನ್ನು ತೆಗೆದಿದ್ದೇನೆ. ಆತುರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಇಸವಿ ಸೇರಿಸಿದ್ದೇನೆ. ಉಳಿದದ್ದು ಹಾಗೇ ಇದೆ.

ಇವತ್ತಿನ ಕಥೆ ಒಂದು ತಪ್ಪಿನಿಂದ ಶುರುವಾಗುತ್ತೆ. ತಪ್ಪು ನನ್ನದೇ.

2013. ನಾನು ಎಂಟೆಕ್ ಎರಡನೇ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆ ಲಿನಕ್ಸ್ ಕರ್ನೆಲ್‌ನ ಶೆಡ್ಯೂಲರ್‌ನಲ್ಲಿ ಸಣ್ಣ ಬದಲಾವಣೆ ಮಾಡಿ ಅಳತೆ ತೆಗೀಬೇಕಿತ್ತು. ಲ್ಯಾಬಿನಲ್ಲಿ ವಿಎಂವೇರ್ ಮೇಲೆ ಒಂದು ವರ್ಚುವಲ್ ಮಷೀನ್ ಕೊಟ್ಟಿದ್ದರು. ಅದು ನನಗೂ ನನ್ನ ಲ್ಯಾಬ್‌ಮೇಟ್‌ಗೂ ಸೇರಿ ಒಂದೇ. ಅವನ ಮೂರು ವಾರದ ರೀಡಿಂಗ್ಸ್ ಅದರ ಹೋಮ್ ಫೋಲ್ಡರ್‌ನಲ್ಲೇ ಇದ್ದವು.

ಕರ್ನೆಲ್ ಕಂಪೈಲ್ ಆಗೋಕೆ ಆ ವಿಎಂನಲ್ಲಿ ತುಂಬಾ ಹೊತ್ತು ಹಿಡೀತಿತ್ತು. ಅದಕ್ಕೆ ನಾನು ಜಾಣತನ ಮಾಡಿ, ನನ್ನ ಲ್ಯಾಪ್‌ಟಾಪ್‌ನಲ್ಲಿ 'ಮೇಕ್ ಲೋಕಲ್‌ಯೆಸ್‌ಕಾನ್ಫಿಗ್' ಅಂತ ಕೊಟ್ಟೆ. ಈಗ ಈ ಯಂತ್ರದಲ್ಲಿ ಯಾವ್ಯಾವ ಡ್ರೈವರ್ ಕೆಲಸ ಮಾಡ್ತಿವೆಯೋ ಅಷ್ಟನ್ನು ಇಟ್ಕೋ, ಅವನ್ನು ಕರ್ನೆಲ್ ಒಳಗೇ ಸೇರಿಸು, ಮಿಕ್ಕಿದ್ದನ್ನ ಬಿಡು ಅಂತ ಅದರ ಅರ್ಥ. ಕರ್ನೆಲ್ ಪುಟ್ಟದಾಯ್ತು, ಕೆಲವೇ ನಿಮಿಷದಲ್ಲಿ ಸಿದ್ಧವಾಯ್ತು. ಅದನ್ನ ವಿಎಂಗೆ ಹಾಕಿದೆ. ಬೂಟ್ ಪಾರ್ಟಿಷನ್‌ನಲ್ಲಿ ಜಾಗ ಕಮ್ಮಿ ಇತ್ತು ಅಂತ ಹಳೇ ಕರ್ನೆಲ್ ಅಳಿಸಿದೆ. ರೀಬೂಟ್ ಮಾಡಿದೆ.

ಕಪ್ಪು ಸ್ಕ್ರೀನ್. ಕೊನೇ ಸಾಲಿನಲ್ಲಿ ಕರ್ನೆಲ್ ಪ್ಯಾನಿಕ್. ರೂಟ್ ಫೈಲ್ ಸಿಸ್ಟಮ್ ಮೌಂಟ್ ಮಾಡೋಕೆ ಆಗ್ತಿಲ್ಲ, 'ಅನ್ನೋನ್ ಬ್ಲಾಕ್ (0,0)' ಅಂತ. ಅದರ ಮೇಲಿನ ಸಾಲಿನಲ್ಲಿ, ಸಿಕ್ಕಿರೋ ಪಾರ್ಟಿಷನ್‌ಗಳು ಇವು ಅಂತ ಹೇಳಿ, ಕೆಳಗೆ ಏನೂ ಇಲ್ಲ. ಪಟ್ಟಿ ಖಾಲಿ. ಜೊತೆಗೆ, ಸರಿಯಾದ 'ರೂಟ್' ಆಯ್ಕೆ ಕೊಡಿ ಅಂತ ಒಂದು ಸಲಹೆ.

ನಾನು ಆ ಸಲಹೆ ಹಿಡ್ಕೊಂಡೆ, ಖಾಲಿ ಪಟ್ಟಿ ನೋಡಲಿಲ್ಲ. ಎಸ್‌ಡಿಎ1 ಅಂತ ಕೊಟ್ಟೆ, ಎಸ್‌ಡಿಎ2 ಅಂತ ಕೊಟ್ಟೆ, ಎಚ್‌ಡಿಎ1 ಅಂತ ಕೊಟ್ಟೆ. ರಾತ್ರಿ ಎರಡು ಗಂಟೆ ಆಯ್ತು. ಡಿಸ್ಕ್ ಹಾಳಾಗಿದೆ ಅಂತ ತೀರ್ಮಾನ ಮಾಡಿ, ಇನ್‌ಸ್ಟಾಲರ್ ಸಿಡಿ ಹಾಕಿ, 'ಇಡೀ ಡಿಸ್ಕ್ ಬಳಸಿ' ಅಂತ ಒತ್ತಿಬಿಟ್ಟೆ. ಅವನ ರೀಡಿಂಗ್ಸ್ ನೆನಪಾಗಿದ್ದು ಪ್ರೋಗ್ರೆಸ್ ಬಾರ್ ಅರ್ಧ ದಾಟಿದ ಮೇಲೆ.

ಮರುದಿನ ಲ್ಯಾಬಿನ ಸಿಸ್ಟಮ್ ಅಡ್ಮಿನ್ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನಿನ್ನ ಲ್ಯಾಪ್‌ಟಾಪ್‌ನಲ್ಲಿರೋ ಡಿಸ್ಕ್ ಕಂಟ್ರೋಲರ್, ವಿಎಂನಲ್ಲಿರೋ ಕಂಟ್ರೋಲರ್ ಎರಡೂ ಒಂದೇನಾ?"

ಅಲ್ಲ. ಲ್ಯಾಪ್‌ಟಾಪ್‌ನಲ್ಲಿ ಇದ್ದಿದ್ದು ಸಾಟಾ, ಎಎಚ್‌ಸಿಐ ಡ್ರೈವರ್. ವಿಎಂ ತೋರಿಸ್ತಿದ್ದಿದ್ದು ಎಲ್ಎಸ್ಐ ಲಾಜಿಕ್ ಕಂಪನಿಯ ಸ್ಕಸಿ ಕಾರ್ಡು. ಅದಕ್ಕೆ ಬೇಕಾದ ಫ್ಯೂಷನ್ ಎಂಪಿಟಿ ಡ್ರೈವರ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾಕಿರುತ್ತೆ? ಇರಲಿಲ್ಲ. ಹಾಗಾಗಿ ಹೊಸ ಕರ್ನೆಲ್‌ಗೂ ಬರಲಿಲ್ಲ. ಡಿಸ್ಕ್ ಚೆನ್ನಾಗೇ ಇತ್ತು. ಕರ್ನೆಲ್‌ಗೆ ಅದರ ಪರಿಚಯ ಇರಲಿಲ್ಲ, ಅಷ್ಟೇ.

ಆ 'ಅಷ್ಟೇ' ಅನ್ನೋದರ ಹಿಂದೆ ಮೂವತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. ಇವತ್ತು ಅದನ್ನ ಹೇಳ್ತೀನಿ.

ಡಿಸ್ಕಿಂದಲೇ ಬಂದವನಿಗೆ ಡಿಸ್ಕ್ ಕಾಣಲ್ಲ ಅಂದ್ರೇನು?

ಮೊದಲು ಒಂದು ಗೊಂದಲ ಬಿಡಿಸೋಣ, ಯಾಕಂದ್ರೆ ಇಲ್ಲಿ ಎಲ್ಲರೂ ಎಡವುತ್ತಾರೆ. ಕರ್ನೆಲ್ ಫೈಲ್ ಇದ್ದಿದ್ದು ಡಿಸ್ಕ್ ಮೇಲೆ. ಅಲ್ಲಿಂದಲೇ ಅದು ಮೆಮೊರಿಗೆ ಬಂತು. ಹಾಗಿದ್ದಮೇಲೆ ಡಿಸ್ಕ್ ಕಾಣಿಸ್ತಿಲ್ಲ ಅಂತ ಅದು ಹೇಗೆ ಹೇಳುತ್ತೆ?

ಕರ್ನೆಲ್ ತಾನಾಗೇ ಬರಲಿಲ್ಲ, ಅದನ್ನ ಎತ್ತಿಕೊಂಡು ಬಂದರು. ಗ್ರಬ್ ಥರದ ಬೂಟ್‌ಲೋಡರ್ ಡಿಸ್ಕ್ ಓದೋಕೆ ಬಯಾಸ್ ಸಹಾಯ ಕೇಳುತ್ತೆ. ಬಯಾಸ್‌ಗೆ ಆ ಕಾರ್ಡ್ ಗೊತ್ತು, ಯಾಕಂದ್ರೆ ಸ್ಕಸಿ ಕಾರ್ಡಿನ ಮೇಲೇ ಒಂದು ಸಣ್ಣ ರೋಮ್ ಚಿಪ್ಪಿನಲ್ಲಿ ಬಯಾಸ್‌ಗೆ ಬೇಕಾದ ಕೋಡ್ ಇರುತ್ತೆ. ಹೀಗೆ ಎತ್ತಿ ತಂದ ಮಗುವನ್ನ ಮೆಮೊರಿಯಲ್ಲಿ ಕೂರಿಸಿ ಬೂಟ್‌ಲೋಡರ್ ಹೊರಟುಹೋಗುತ್ತೆ. ಕರ್ನೆಲ್ ಎದ್ದ ಕೂಡಲೇ ಪ್ರೊಸೆಸರ್ ಅನ್ನು ಬೇರೆ ಮೋಡ್‌ಗೆ ಒಯ್ಯುತ್ತೆ, ಬಯಾಸ್‌ನ ಹಳೇ ಡಿಸ್ಕ್ ಸೇವೆಗಳನ್ನ ಬಿಟ್ಟುಬಿಡುತ್ತೆ. ಆಮೇಲೆ ತಾನು ಬಂದ ದಾರಿ ಅದಕ್ಕೆ ಗೊತ್ತಿರಲ್ಲ. ತನ್ನದೇ ಡ್ರೈವರ್ ಇಟ್ಕೊಂಡು ಮನೆ ಹುಡುಕಬೇಕು.

ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣಿಸಿದಾಗಲೇ ನನಗೆ ಹೊಳೀಬೇಕಿತ್ತು. ಅದೇ ಡಿಸ್ಕ್, ಅದೇ ಕಾರ್ಡ್. ಬೇರೆ ಇದ್ದಿದ್ದು ಕರ್ನೆಲ್ ಒಂದೇ. ಹೊಳೀಲಿಲ್ಲ.

1991: ನನ್ನ ಹತ್ರ ಇರೋದು ಇಷ್ಟೇ

1991ರ ಆಗಸ್ಟ್ 25. ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಮಿನಿಕ್ಸ್ ಬಳಸೋರ ನ್ಯೂಸ್‌ಗ್ರೂಪ್‌ಗೆ ಒಂದು ಸಂದೇಶ ಬರೆದ. ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೀತಿದ್ದೀನಿ, ಬರೀ ಹವ್ಯಾಸ ಅಂತ. ಆ ಭಾಗ ಎಲ್ಲರಿಗೂ ಗೊತ್ತು. ಆದರೆ ಅದರ ಕೊನೆಯಲ್ಲಿ ಇನ್ನೊಂದು ಮಾತಿದೆ, ನಮ್ಮ ಕಥೆಗೆ ಅದೇ ಮುಖ್ಯ. ಇದು ಬಹುಶಃ ಎಟಿ ಹಾರ್ಡ್ ಡಿಸ್ಕ್ ಬಿಟ್ಟು ಬೇರೆ ಯಾವುದಕ್ಕೂ ಸಪೋರ್ಟ್ ಕೊಡಲ್ಲ, ಯಾಕಂದ್ರೆ ನನ್ನ ಹತ್ರ ಇರೋದು ಅದೊಂದೇ ಅಂತ ಅವನು ಹೇಳಿದ್ದ.

ಎಷ್ಟು ನೇರವಾದ ಮಾತು ನೋಡಿ. ಡ್ರೈವರ್ ಬರೀಬೇಕು ಅಂದ್ರೆ ಆ ಸಾಮಾನು ನಿಮ್ಮ ಮೇಜಿನ ಮೇಲಿರಬೇಕು. ಇಲ್ಲದ್ದಕ್ಕೆ ಬರೆಯೋಕಾಗಲ್ಲ.

ಮುಂದಿನ ತಿಂಗಳು ಬಂದ 0.01 ಆವೃತ್ತಿಯ ಸೋರ್ಸ್ ಕೋಡ್ ಇವತ್ತೂ ಸಿಗುತ್ತೆ. ಅದರ ಕಾನ್ಫಿಗ್ ಫೈಲ್ ತೆಗೆದು ನೋಡಿದಾಗ ನನಗೆ ನಗು ಬಂತು, ಆಮೇಲೆ ಸ್ವಲ್ಪ ಸಮಾಧಾನವೂ ಆಯ್ತು. ರೂಟ್ ಡಿಸ್ಕ್ ಯಾವುದು ಅನ್ನೋದು ಅಲ್ಲಿ ಎರಡೇ ಆಯ್ಕೆ. ಒಂದಕ್ಕೆ ಲಿನಸ್ ಹೆಸರು, ಇನ್ನೊಂದಕ್ಕೆ 'ಲಾಸು' ಅಂತ ಹೆಸರು. ಲಾಸು ಅಂದ್ರೆ ಅವನ ಸಹಪಾಠಿ ಲಾರ್ಸ್ ವಿರ್ಜೇನಿಯಸ್. ಲಿನಸ್ ಆಯ್ಕೆಗೆ ಹೆಕ್ಸ್‌ನಲ್ಲಿ 306 ಅನ್ನೋ ಸಂಖ್ಯೆ: 3 ಅಂದ್ರೆ ಹಾರ್ಡ್ ಡಿಸ್ಕ್, 06 ಅಂದ್ರೆ ಎರಡನೇ ಡಿಸ್ಕಿನ ಮೊದಲ ಪಾರ್ಟಿಷನ್. ಲಾಸು ಆಯ್ಕೆಗೆ 302: ಮೊದಲ ಡಿಸ್ಕಿನ ಎರಡನೇ ಪಾರ್ಟಿಷನ್. ಡಿಸ್ಕಿನಲ್ಲಿ ಎಷ್ಟು ಹೆಡ್, ಎಷ್ಟು ಸಿಲಿಂಡರ್ ಅನ್ನೋದನ್ನೂ ಅಲ್ಲೇ ಬರೆದಿಡಬೇಕಿತ್ತು.

ಅಂದ್ರೆ ಲಿನಕ್ಸ್‌ನ ಮೊಟ್ಟಮೊದಲ ಕರ್ನೆಲ್‌ಗೆ ಈ ಲೋಕದಲ್ಲಿ ಎರಡೇ ಮನೆಯ ವಿಳಾಸ ಗೊತ್ತಿತ್ತು. ಮೂರನೆಯವರು ಯಾರಾದರೂ ಅದನ್ನ ಓಡಿಸಬೇಕು ಅಂದ್ರೆ ಆ ಸಾಲು ತಿದ್ದಿ, ತಾವೇ ಕಂಪೈಲ್ ಮಾಡಬೇಕು. ಕಸ್ಟಮ್ ಕರ್ನೆಲ್ ಅನ್ನೋದು ಆಗ ಶೋಕಿ ಆಗಿರಲಿಲ್ಲ, ಬೇರೆ ಥರದ ಕರ್ನೆಲ್ಲೇ ಇರಲಿಲ್ಲ.

ಕೆಲವೇ ತಿಂಗಳಲ್ಲಿ ಇದು ಸುಧಾರಿಸಿತು. ಡಿಸ್ಕಿನ ವಿವರವನ್ನ ಬಯಾಸ್‌ನಿಂದ ಓದಿಕೊಳ್ಳೋಕೆ ಶುರು ಮಾಡಿದರು. ರೂಟ್ ಡಿಸ್ಕಿನ ಸಂಖ್ಯೆಯನ್ನ ಕರ್ನೆಲ್ ಫೈಲಿನಲ್ಲಿ ಎರಡು ಬೈಟ್ ಜಾಗದಲ್ಲಿ ಇಟ್ಟರು. 'ಆರ್‌ಡೆವ್' ಅನ್ನೋ ಪುಟ್ಟ ಪ್ರೋಗ್ರಾಮ್‌ನಿಂದ ಆ ಎರಡು ಬೈಟ್ ಬದಲಿಸಿದರೆ ಸಾಕು, ಮತ್ತೆ ಕಂಪೈಲ್ ಬೇಡ.

ಸ್ಕಸಿ ಬಂತು, ಬಾಗಿಲು ಬಡಿಯೋ ಕಾಲ ಶುರುವಾಯ್ತು

ಎಟಿ ಡಿಸ್ಕ್ ಬಡವರ ಡಿಸ್ಕ್. ಸರ್ವರ್‌ಗಳಲ್ಲಿ, ಒಳ್ಳೇ ವರ್ಕ್‌ಸ್ಟೇಷನ್‌ಗಳಲ್ಲಿ ಇದ್ದಿದ್ದು ಸ್ಕಸಿ. ಇದರ ಮೂಲ ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿಯ ಸಾಸಿ ಅನ್ನೋ ಇಂಟರ್‌ಫೇಸ್. 1986ರಲ್ಲಿ ಅಮೆರಿಕದ ಆನ್ಸಿ ಸಂಸ್ಥೆ ಅದರ ಸುಧಾರಿಸಿದ ರೂಪವನ್ನ ಸ್ಕಸಿ ಹೆಸರಿನಲ್ಲಿ ಸ್ಟ್ಯಾಂಡರ್ಡ್ ಮಾಡಿತು. ಶುಗಾರ್ಟ್‌ನಲ್ಲಿದ್ದ ಲ್ಯಾರಿ ಬೌಚರ್ 1981ರಲ್ಲಿ ಹೊರಬಂದು ಕಟ್ಟಿದ ಕಂಪನಿಯೇ ಅಡಾಪ್ಟೆಕ್.

ಅಡಾಪ್ಟರ್ ಅನ್ನೋ ಪದ ಇಲ್ಲಿ ಬಂತು ನೋಡಿ. ಸ್ಕಸಿಯಲ್ಲಿ ಡಿಸ್ಕ್‌ಗಳೆಲ್ಲ ಒಂದೇ ಭಾಷೆ ಮಾತಾಡುತ್ತವೆ. ಅದು ಸ್ಟ್ಯಾಂಡರ್ಡು. ಆದರೆ ಆ ಭಾಷೆಯನ್ನ ಕಂಪ್ಯೂಟರ್‌ಗೆ ಮುಟ್ಟಿಸೋ ಕಾರ್ಡು, ಅಂದ್ರೆ ಹೋಸ್ಟ್ ಅಡಾಪ್ಟರ್, ಪ್ರತಿ ಕಂಪನಿಯದೂ ಬೇರೆ. ಹಾಗಾಗಿ ಡಿಸ್ಕ್ ಯಾವುದು ಅನ್ನೋದಕ್ಕಿಂತ ಮಧ್ಯದಲ್ಲಿರೋ ಕಾರ್ಡ್ ಯಾವುದು ಅನ್ನೋದೇ ದೊಡ್ಡ ಪ್ರಶ್ನೆ. ಇವತ್ತಿಗೂ 'ಡಿಸ್ಕ್ ಕಾಣ್ತಿಲ್ಲ' ಅಂತ ಜನ ಹೇಳಿದಾಗ ಹೆಚ್ಚಿನ ಸಲ ಕಾಣದೇ ಇರೋದು ಡಿಸ್ಕ್ ಅಲ್ಲ, ಈ ಮಧ್ಯಸ್ಥ.

1992ರಲ್ಲಿ ಡ್ರೂ ಎಕ್‌ಹಾರ್ಟ್ ಲಿನಕ್ಸ್‌ಗೆ ಸ್ಕಸಿ ಪದರ ಬರೆದರು. ಅದೇ ವರ್ಷ ಟಾಮಿ ಥಾರ್ನ್ ಅಡಾಪ್ಟೆಕ್ 1542 ಕಾರ್ಡಿಗೆ ಡ್ರೈವರ್ ಬರೆದರು. ಎರಿಕ್ ಯಂಗ್‌ಡೇಲ್ ಮುಂದೆ ಎರಡನ್ನೂ ಬೆಳೆಸಿದರು. ಲಿನಸ್ ಹತ್ರ ಇಲ್ಲದ ಸಾಮಾನಿಗೆ, ಆ ಸಾಮಾನು ಇದ್ದವರು ಬರೆದರು. 'ನನ್ನ ಹತ್ರ ಇರೋದು ಇಷ್ಟೇ' ಅನ್ನೋ ಮಾತು ಹೀಗೆ ಒಬ್ಬೊಬ್ಬರಿಂದ ಒಬ್ಬೊಬ್ಬರಿಗೆ ದಾಟಿ ದೊಡ್ಡದಾಯ್ತು.

ಆದರೆ ಆಗಿನ ಐಸಾ ಕಾರ್ಡುಗಳಿಗೆ ಗುರುತಿನ ಚೀಟಿ ಇರಲಿಲ್ಲ. ಯಾವ ಸ್ಲಾಟ್‌ನಲ್ಲಿ ಯಾವ ಕಾರ್ಡ್ ಇದೆ ಅಂತ ಕೇಳೋ ದಾರಿಯೇ ಇಲ್ಲ. ಡ್ರೈವರ್ ಏನು ಮಾಡಬೇಕು? 1542 ಕಾರ್ಡು ಸಾಮಾನ್ಯವಾಗಿ ಹೆಕ್ಸ್ 330 ಪೋರ್ಟಿನಲ್ಲಿ ಇರುತ್ತೆ, ಇಲ್ಲದಿದ್ದರೆ 334, 230, 234, 130, 134. ಒಂದೊಂದೇ ಬಾಗಿಲು ಬಡಿದು, ಒಳಗಿಂದ ಬರೋ ಉತ್ತರದ ಧಾಟಿ ನೋಡಿ, ಇದು ಅಡಾಪ್ಟೆಕ್ಕೇ ಇರಬೇಕು ಅಂತ ಊಹಿಸಬೇಕು. ಆ ಮನೆಯಲ್ಲಿ ಬೇರೆ ಯಾರೋ, ಒಂದು ನೆಟ್‌ವರ್ಕ್ ಕಾರ್ಡೋ ಸೌಂಡ್ ಕಾರ್ಡೋ ಇದ್ದರೆ? ಕೆಲವೊಮ್ಮೆ ಇಡೀ ಯಂತ್ರವೇ ಹ್ಯಾಂಗ್. ಅದಕ್ಕೇ ಎಲ್ಲಾ ಡ್ರೈವರ್‌ಗಳನ್ನ ಒಂದೇ ಕರ್ನೆಲ್‌ನಲ್ಲಿ ತುಂಬೋದು ಜಾಗದ ಸಮಸ್ಯೆ ಮಾತ್ರ ಆಗಿರಲಿಲ್ಲ, ಅಪಾಯವೂ ಆಗಿತ್ತು. ಸ್ಲಾಕ್‌ವೇರ್ ಥರದ ಡಿಸ್ಟ್ರಿಬ್ಯೂಷನ್‌ಗಳು ಬೇರೆ ಬೇರೆ ಕಾರ್ಡುಗಳಿಗೆ ಬೇರೆ ಬೇರೆ ಬೂಟ್ ಫ್ಲಾಪಿ ಕೊಡ್ತಿದ್ದವು. ನಿಮ್ಮ ಕಾರ್ಡ್ ಯಾವುದು ಅಂತ ನೀವೇ ತಿಳ್ಕೊಂಡು, ಸರಿಯಾದ ಫ್ಲಾಪಿ ಆರಿಸಬೇಕಿತ್ತು.

ಗೇಟಿನ ರಿಜಿಸ್ಟರ್

1992ರಲ್ಲಿ ಇಂಟೆಲ್ ಪಿಸಿಐ ಅನ್ನೋ ಬಸ್ ತಂತು. ವೇಗ ಜಾಸ್ತಿ ಅಂತ ಎಲ್ಲರೂ ಹೊಗಳಿದರು. ನಮಗೆ ಮುಖ್ಯವಾದ ವಿಷಯ ಬೇರೆ. ಪಿಸಿಐ ಕಾರ್ಡಿಗೆ ಕಡ್ಡಾಯವಾಗಿ ಎರಡು ಸಂಖ್ಯೆ ಇರಲೇಬೇಕು: ತಯಾರಿಸಿದ ಕಂಪನಿಯ ಸಂಖ್ಯೆ, ಆ ಸಾಧನದ ಸಂಖ್ಯೆ. ಎರಡೂ 16 ಬಿಟ್. ಬಾಗಿಲು ಬಡಿಯೋದು ಬೇಡ, 'ನೀನ್ಯಾರು?' ಅಂತ ಕೇಳಿದರೆ ಉತ್ತರ ಬರುತ್ತೆ. ಇಂಟೆಲ್ ತನ್ನ ಸಂಖ್ಯೆಯಾಗಿ 8086 ಇಟ್ಟುಕೊಂಡಿತು, ತನ್ನ ಹಳೇ ಪ್ರೊಸೆಸರ್‌ನ ಹೆಸರು. ಅಡಾಪ್ಟೆಕ್ ಕಾರ್ಡುಗಳು 9004, 9005 ಅಂತವು. ನನ್ನ ವಿಎಂನ ಎಲ್ಎಸ್ಐ ಕಾರ್ಡಿನ ಸಂಖ್ಯೆ 1000:0030.

ಇನ್ನೇನು ಸಮಸ್ಯೆ ಮುಗೀತು ಅನ್ಸುತ್ತೆ ಅಲ್ವಾ? ಇಲ್ಲ.

ಪುಣೆಯಲ್ಲಿ ನಾನಿರೋ ಸೊಸೈಟಿಯ ಗೇಟಿಗೆ ಹೋದ ವರ್ಷ ನಮ್ಮ ಸೋದರಮಾವ ಗದಗದಿಂದ ಬಂದರು. ಕೈಯಲ್ಲಿ ಆಧಾರ್ ಕಾರ್ಡ್ ಇದೆ, ಹೆಸರಿದೆ, ಫೋಟೋ ಇದೆ. ವಾಚ್‌ಮನ್ ಬಿಡಲಿಲ್ಲ. ಅವನು ನೋಡೋದು ಆಧಾರ್ ಅಲ್ಲ, ತನ್ನ ರಿಜಿಸ್ಟರ್. ನಾನು ಮುಂಚೆ ಫೋನ್ ಮಾಡಿ ಹೆಸರು ಬರೆಸಿರಲಿಲ್ಲ. ಮಾವ ಅರ್ಧ ಗಂಟೆ ಬಿಸಿಲಲ್ಲಿ ನಿಂತರು. ಗುರುತಿನ ಚೀಟಿ ಇರೋದು ಬೇರೆ, ಗುರುತು ಸಿಗೋದು ಬೇರೆ.

ಕರ್ನೆಲ್ ಕೂಡ ಹಾಗೇ. ಕಾರ್ಡು ತನ್ನ ಸಂಖ್ಯೆ ಹೇಳುತ್ತೆ. ಆ ಸಂಖ್ಯೆ ಯಾವುದಾದರೂ ಡ್ರೈವರ್‌ನ ಪಟ್ಟಿಯಲ್ಲಿ ಇದ್ದರೆ ಒಳಗೆ ಬಾ, ಇಲ್ಲದಿದ್ದರೆ ಹೊರಗೆ ನಿಲ್ಲು. 2001ರ ಜನವರಿಯಲ್ಲಿ ಬಂದ 2.4 ಕರ್ನೆಲ್‌ನ ಹೊತ್ತಿಗೆ ಈ ಪಟ್ಟಿ ಇಡೋ ಕ್ರಮ ಶಿಸ್ತಾಯ್ತು. ಪ್ರತಿ ಡ್ರೈವರ್ ತಾನು ಯಾವ ಯಾವ ಸಂಖ್ಯೆಗೆ ಜವಾಬ್ದಾರಿ ಅಂತ ಒಂದು ಟೇಬಲ್‌ನಲ್ಲಿ ಹೇಳುತ್ತೆ. ಆ ಟೇಬಲ್‌ಗಳನ್ನೆಲ್ಲ ಒಟ್ಟು ಮಾಡಿ ಒಂದು ದೊಡ್ಡ ರಿಜಿಸ್ಟರ್ ಆಗುತ್ತೆ. ಇವತ್ತು ನಿಮ್ಮ ಸಿಸ್ಟಮ್‌ನಲ್ಲಿ 'ಮಾಡ್ಯೂಲ್ಸ್ ಡಾಟ್ ಏಲಿಯಾಸ್' ಅನ್ನೋ ಫೈಲ್ ತೆಗೆದರೆ ಅದೇ ರಿಜಿಸ್ಟರ್. ಅದರ ಎಷ್ಟೋ ಸಾಲುಗಳನ್ನ ಯಾರೋ ಒಬ್ಬರು, ಆ ಕಾರ್ಡ್ ಕೈಯಲ್ಲಿ ಹಿಡಿದು, ಓಡಿಸಿ ನೋಡಿ ಬರೆಸಿದ್ದಾರೆ.

ಕಸ್ಟಮ್ ಕರ್ನೆಲ್ ಕಟ್ಟುವಾಗ ನಾವು ಮಾಡೋದು ಆ ರಿಜಿಸ್ಟರ್‌ನ ಹಾಳೆ ಹರಿಯೋದು. ಬೇಡದ್ದು ಹರಿದರೆ ಒಳ್ಳೇದು. ಯಾವುದು ಬೇಡ ಅಂತ ಗೊತ್ತಿರಬೇಕು.

ಬೀರುವಿನ ಕೀಲಿ ಬೀರುವಿನೊಳಗೆ

ಈ ನಡುವೆ ಇನ್ನೊಂದು ಒಗಟು. ತೊಂಬತ್ತರ ದಶಕದ ಮಧ್ಯದಲ್ಲಿ ಲಿನಕ್ಸ್‌ನಲ್ಲಿ ಮಾಡ್ಯೂಲ್‌ಗಳು ಬಳಕೆಗೆ ಬಂದವು. ಡ್ರೈವರ್‌ಗಳನ್ನ ಕರ್ನೆಲ್ ಒಳಗೆ ತುಂಬದೇ ಡಿಸ್ಕಿನಲ್ಲಿ ಫೈಲುಗಳಾಗಿ ಇಡೋದು, ಬೇಕಾದಾಗ ಎತ್ತಿಕೊಳ್ಳೋದು. ಚೆನ್ನಾಗಿದೆ. ಆದರೆ ಡಿಸ್ಕ್ ಕಂಟ್ರೋಲರ್‌ನ ಡ್ರೈವರನ್ನೇ ಡಿಸ್ಕಿನಲ್ಲಿ ಇಟ್ಟರೆ? ಅದನ್ನ ಓದೋಕೆ ಅದೇ ಡ್ರೈವರ್ ಬೇಕು. ಬೀರುವಿನ ಕೀಲಿ ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ.

1996ರಲ್ಲಿ ವರ್ನರ್ ಆಲ್ಮ್ಸ್‌ಬರ್ಗರ್ ಮತ್ತು ಹಾನ್ಸ್ ಲೆರ್ಮೆನ್ ಇದಕ್ಕೆ ಪರಿಹಾರ ಕೊಟ್ಟರು. ಅದರ ಹೆಸರು ಇನಿಟ್‌ಆರ್‌ಡಿ. ಬೂಟ್‌ಲೋಡರ್ ಹೇಗಿದ್ದರೂ ಬಯಾಸ್ ಸಹಾಯದಿಂದ ಕರ್ನೆಲ್ ಎತ್ತಿಕೊಂಡು ಬರುತ್ತಲ್ಲ, ಜೊತೆಗೆ ಒಂದು ಪುಟ್ಟ ಡಬ್ಬಿಯನ್ನೂ ಎತ್ತಿಕೊಂಡು ಬರಲಿ. ಆ ಡಬ್ಬಿಯಲ್ಲಿ ಒಂದು ಚಿಕ್ಕ ಫೈಲ್ ಸಿಸ್ಟಮ್, ಅದರೊಳಗೆ ಬೇಕಾದ ಡ್ರೈವರ್‌ಗಳು. ಕರ್ನೆಲ್ ಎದ್ದು ಮೊದಲು ಡಬ್ಬಿ ಬಿಚ್ಚುತ್ತೆ, ಕೀಲಿ ತಗೊಳ್ಳುತ್ತೆ, ಆಮೇಲೆ ನಿಜವಾದ ಬೀರು ತೆಗೆಯುತ್ತೆ. 2.6 ಕರ್ನೆಲ್‌ನಲ್ಲಿ ಇದೇ ಉಪಾಯ ಇನ್ನೂ ಸರಳವಾಗಿ ಇನಿಟ್‌ರಾಮ್‌ಎಫ್ಎಸ್ ಆಯ್ತು.

ಇವತ್ತು ನಿಮ್ಮ ಉಬುಂಟು, ಫೆಡೋರಾ ಯಾವ ಯಂತ್ರದಲ್ಲಿ ಹಾಕಿದರೂ ಏಳುತ್ತಲ್ಲ, ಅದರ ಗುಟ್ಟು ಈ ಡಬ್ಬಿ. ಕಸ್ಟಮ್ ಕರ್ನೆಲ್ ಕಟ್ಟೋರು ಮೊದಲು ಬಿಸಾಡೋದೂ ಇದನ್ನೇ. ನಾನೂ ಬಿಸಾಡಿದ್ದೆ. ಯಾಕೆ ಬೇಕು ಇದೆಲ್ಲ, ಸೀದಾ ಬೂಟ್ ಆಗಲಿ ಅಂತ. ಡಬ್ಬಿ ಇಲ್ಲ ಅಂದಮೇಲೆ ಡಿಸ್ಕ್ ಡ್ರೈವರ್ ಕರ್ನೆಲ್ ಒಳಗೇ ಇರಬೇಕು, ಮಾಡ್ಯೂಲ್ ಆಗಿದ್ದರೆ ಪ್ರಯೋಜನ ಇಲ್ಲ. ಕಾನ್ಫಿಗ್‌ನಲ್ಲಿ 'ವೈ' ಮತ್ತು 'ಎಂ' ಅನ್ನೋ ಎರಡು ಅಕ್ಷರದ ವ್ಯತ್ಯಾಸ ಇಷ್ಟೇ, ಆದರೆ ಎಷ್ಟೋ ಜನರ ರಾತ್ರಿ ನಿದ್ದೆ ಹೋಗಿರೋದು ಇದರಲ್ಲೇ.

ಇಲ್ಲದ ಕಾರ್ಡಿಗೆ ಬದುಕಿರೋ ಡ್ರೈವರ್

ಇದೆಲ್ಲ ಓದ್ತಾ ಹೋದಾಗ ನನ್ನನ್ನ ತುಂಬಾ ತಟ್ಟಿದ್ದು ಒಬ್ಬರ ಕಥೆ. ಲಿಯೊನಾರ್ಡ್ ಜುಬ್ಕಾಫ್.

ತೊಂಬತ್ತರ ದಶಕದಲ್ಲಿ ಬಸ್‌ಲಾಜಿಕ್ ಅನ್ನೋ ಕಂಪನಿಯ ಸ್ಕಸಿ ಕಾರ್ಡುಗಳಿಗೆ ಒಳ್ಳೇ ಹೆಸರಿತ್ತು. 1995ರಿಂದ ಜುಬ್ಕಾಫ್ ಅದಕ್ಕೆ ಲಿನಕ್ಸ್ ಡ್ರೈವರ್ ಬರೆದು ಸಾಕಿದರು. ಮುಂದೆ ಆ ಕಂಪನಿಯನ್ನ ಮೈಲೆಕ್ಸ್ ಕೊಂಡಿತು, ಮೈಲೆಕ್ಸ್ ಅನ್ನ ಐಬಿಎಂ ಕೊಂಡಿತು. ಕಾರ್ಡುಗಳು ಮಾರುಕಟ್ಟೆಯಿಂದ ಮಾಯವಾದವು. 2002ರಲ್ಲಿ ಅಲಾಸ್ಕಾದಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಜುಬ್ಕಾಫ್ ತೀರಿಕೊಂಡರು.

ಕಾರ್ಡ್ ಇಲ್ಲ, ಬರೆದವರೂ ಇಲ್ಲ. ಡ್ರೈವರ್ ಕಸದಬುಟ್ಟಿಗೆ ಹೋಗಬೇಕಿತ್ತು. ಹೋಗಲಿಲ್ಲ. ಯಾಕಂದ್ರೆ 1999ರಲ್ಲಿ ಬಂದ ವಿಎಂವೇರ್ ತನ್ನ ವರ್ಚುವಲ್ ಮಷೀನ್ ಒಳಗೆ ಒಂದು ಸ್ಕಸಿ ಕಾರ್ಡ್ ಇದ್ದ ಹಾಗೆ ನಟಿಸಬೇಕಿತ್ತು. ಆಗಿನ ಆಪರೇಟಿಂಗ್ ಸಿಸ್ಟಮ್‌ಗಳಿಗೆಲ್ಲ ಪರಿಚಯ ಇದ್ದ ಕಾರ್ಡು ಬೇಕು. ಅವರು ಆರಿಸಿದ್ದು ಬಸ್‌ಲಾಜಿಕ್. ಹಾಗಾಗಿ ಕಬ್ಬಿಣದ ಕಾರ್ಡು ಸತ್ತಮೇಲೂ ಅದರ ನೆರಳು ಲಕ್ಷಾಂತರ ವಿಎಂಗಳಲ್ಲಿ ಬದುಕಿತು, ಆ ನೆರಳನ್ನ ಮಾತಾಡಿಸೋಕೆ ಜುಬ್ಕಾಫ್ ಡ್ರೈವರ್ ಬೇಕಾಯ್ತು. ಅದು 32 ಬಿಟ್‌ಗೆ ಬರೆದದ್ದು, 64 ಬಿಟ್ ಕರ್ನೆಲ್‌ನಲ್ಲಿ ಕೆಲಸ ಮಾಡ್ತಿರಲಿಲ್ಲ. ಆಗ ಮತ್ತೆ ಅದೇ ದೂರು: ಡಿಸ್ಕ್ ಕಾಣ್ತಿಲ್ಲ. 2013ರಲ್ಲಿ ಖಾಲಿದ್ ಅಜೀಜ್ ಅದನ್ನ 64 ಬಿಟ್‌ಗೆ ತಂದು ಅದರ ಜವಾಬ್ದಾರಿ ವಹಿಸಿಕೊಂಡರು.

ನಾನು ಲ್ಯಾಬ್‌ಮೇಟ್‌ನ ಡೇಟಾ ಅಳಿಸಿದ ವರ್ಷವೂ ಅದೇ. ಒಬ್ಬರು ಸತ್ತವರ ಕೋಡನ್ನ ತಾಳ್ಮೆಯಿಂದ ಬದುಕಿಸ್ತಿದ್ದರು, ನಾನು ಬದುಕಿದ್ದ ಡಿಸ್ಕನ್ನ ಸತ್ತಿದೆ ಅಂದ್ಕೊಂಡು ಅಳಿಸ್ತಿದ್ದೆ.

ಹೆಸರು ಬದಲಾದಾಗ

ಕೆಲವು ಸಲ ಡ್ರೈವರ್ ಇರುತ್ತೆ, ಕಾರ್ಡು ಸಿಗುತ್ತೆ, ಆದರೂ ಯಂತ್ರ ಏಳಲ್ಲ. ಅದಕ್ಕೆ ಹೆಸರು ಕಾರಣ.

ಲಿನಸ್ ಕಾಲದಿಂದ ಐಡಿಇ ಡಿಸ್ಕುಗಳ ಹೆಸರು ಎಚ್‌ಡಿಎ, ಎಚ್‌ಡಿಬಿ. ಸಂಖ್ಯೆ ಅದೇ 3. ಸ್ಕಸಿ ಡಿಸ್ಕುಗಳ ಹೆಸರು ಎಸ್‌ಡಿಎ, ಎಸ್‌ಡಿಬಿ, ಅದರ ಸಂಖ್ಯೆ 8. ಸಾಟಾ ಬಂದಾಗ ಜೆಫ್ ಗಾರ್ಜಿಕ್ ಲಿಬಾಟಾ ಅನ್ನೋ ಹೊಸ ಪದರ ಬರೆದರು. ಅದು ಸ್ಕಸಿ ಪದರದ ಮೇಲೆ ಕೂತಿತ್ತು, ಹಾಗಾಗಿ ಅದರ ಡಿಸ್ಕುಗಳೂ ಎಸ್‌ಡಿಎ ಆದವು. ಮುಂದೆ ಹಳೇ ಐಡಿಇ ಡಿಸ್ಕುಗಳೂ ಲಿಬಾಟಾ ಕೈಗೆ ಬಂದವು. 2007ರ ಮೇನಲ್ಲಿ ಬಂದ ಫೆಡೋರಾ 7 ಆ ಕಡೆಗೆ ವಾಲಿತು. ಅಪ್‌ಗ್ರೇಡ್ ಮಾಡಿದ ಜನರ ಎಚ್‌ಡಿಎ ಒಂದೇ ರಾತ್ರಿಯಲ್ಲಿ ಎಸ್‌ಡಿಎ ಆಯ್ತು. ಅದೇ ಡಿಸ್ಕು, ಅದೇ ಕೇಬಲ್ಲು, ಹೆಸರು ಬೇರೆ. ಹಳೇ ಐಡಿಇ ಪದರವನ್ನ 2021ರ ಆಗಸ್ಟಿನ 5.14 ಕರ್ನೆಲ್‌ನಲ್ಲಿ ಪೂರ್ತಿ ತೆಗೆದೇಬಿಟ್ಟರು.

ಅದಕ್ಕೇ ಇವತ್ತು ಹೆಸರಿನ ಬದಲು ಯುಯುಐಡಿ ಬಳಸ್ತೀವಿ. ಇಲ್ಲೂ ಒಂದು ಹಳ್ಳ ಇದೆ, ಹುಷಾರು. ಫೈಲ್ ಸಿಸ್ಟಮ್‌ನ ಯುಯುಐಡಿ ಓದಿ ರೂಟ್ ಹುಡುಕೋದು ಇನಿಟ್‌ರಾಮ್‌ಎಫ್ಎಸ್ ಒಳಗಿನ ಪ್ರೋಗ್ರಾಮ್‌ಗಳ ಕೆಲಸ. ಡಬ್ಬಿ ಬಿಸಾಡಿದ್ದರೆ ಬರೀ ಕರ್ನೆಲ್‌ಗೆ ಅದು ಅರ್ಥ ಆಗಲ್ಲ. ಅದಕ್ಕೆ ಅರ್ಥ ಆಗೋದು ಪಾರ್ಟಿಷನ್‌ನ ಯುಯುಐಡಿ, ಅಂದ್ರೆ ಪಾರ್ಟ್‌ಯುಯುಐಡಿ.

ಹಾಗಾದರೆ ಏನು ಮಾಡಬೇಕು

ಚರಿತ್ರೆ ಕೇಳಿದ್ರಿ, ಈಗ ಕೆಲಸದ ಮಾತು. ಮೇಲಿನ ಒಂದೊಂದು ಘಟ್ಟವೂ ಒಂದೊಂದು ಪ್ರಶ್ನೆ ಬಿಟ್ಟುಹೋಗಿದೆ. ಆ ಕ್ರಮದಲ್ಲೇ ಕೇಳ್ತಾ ಹೋಗಿ.

ಮೊದಲನೇದು, ಪ್ಯಾನಿಕ್ ಸಾಲಿನ ಸಂಖ್ಯೆ ಓದಿ. (0,0) ಅಂದ್ರೆ ನೀವು ಹೇಳಿದ ರೂಟ್ ಡಿಸ್ಕ್ ಕರ್ನೆಲ್‌ಗೆ ಸಿಕ್ಕೇ ಇಲ್ಲ. (8,1) ಥರ ಬಂದರೆ ಡಿಸ್ಕ್ ಸಿಕ್ಕಿದೆ, ಎಕ್ಸ್‌ಟಿ4 ಥರದ ಫೈಲ್ ಸಿಸ್ಟಮ್‌ನ ಸಪೋರ್ಟ್ ಬಿಟ್ಟುಹೋಗಿರಬಹುದು. ಆಮೇಲೆ ಮೇಲಿನ ಪಾರ್ಟಿಷನ್ ಪಟ್ಟಿ ನೋಡಿ. ಪಟ್ಟಿಯಲ್ಲಿ ಡಿಸ್ಕ್ ಇದ್ದರೆ ಬರೀ ಹೆಸರಿನ ತಪ್ಪು. ಪಟ್ಟಿ ಖಾಲಿ ಇದ್ದರೆ ರೂಟ್ ಆಯ್ಕೆ ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ, ಡ್ರೈವರ್ ನೋಡಿ.

ಎರಡನೇದು, ಏಳೋ ಕರ್ನೆಲ್ ಒಂದರಲ್ಲಿ, ಅಂದ್ರೆ ಹಳೇ ಕರ್ನೆಲ್ಲೋ ಲೈವ್ ಪೆನ್‌ಡ್ರೈವೋ ಹಾಕಿ, 'ಎಲ್ಎಸ್‌ಪಿಸಿಐ -ಎನ್ಎನ್‌ಕೆ' ಕೊಡಿ. ಕಾರ್ಡಿನ ಸಂಖ್ಯೆ, ಅದನ್ನ ಹಿಡಿದಿರೋ ಡ್ರೈವರ್ ಹೆಸರು ಎರಡೂ ಸಿಗುತ್ತೆ. ಯಾವ ಯಂತ್ರದಲ್ಲಿ ಕರ್ನೆಲ್ ಓಡಬೇಕೋ ಆ ಯಂತ್ರದಲ್ಲೇ ಕೊಡಬೇಕು, ಕಟ್ಟೋ ಯಂತ್ರದಲ್ಲಿ ಅಲ್ಲ. ನನ್ನ ಇಡೀ ದುರಂತ ಈ ಒಂದು ವಾಕ್ಯದಲ್ಲಿದೆ.

ಮೂರನೇದು, ಡ್ರೈವರ್ ಒಂದೇ ಸಾಲದು, ಮೆಟ್ಟಿಲುಗಳಿವೆ. ಎಲ್ಎಸ್ಐ ಕಾರ್ಡಿಗೆ ಫ್ಯೂಷನ್ ಎಂಪಿಟಿ ಎಸ್‌ಪಿಐ ಡ್ರೈವರ್, ಅದರ ಮೇಲೆ ಸ್ಕಸಿ ಡಿಸ್ಕ್ ಸಪೋರ್ಟ್, ಅದರ ಮೇಲೆ ಫೈಲ್ ಸಿಸ್ಟಮ್. ಸಾಟಾಗೂ ಸ್ಕಸಿ ಡಿಸ್ಕ್ ಸಪೋರ್ಟ್ ಬೇಕು, ಯಾಕೆ ಅಂತ ಈಗ ನಿಮಗೆ ಗೊತ್ತು. ಇನಿಟ್‌ರಾಮ್‌ಎಫ್ಎಸ್ ಇಲ್ಲದಿದ್ದರೆ ಎಲ್ಲವೂ 'ವೈ'.

ನಾಲ್ಕನೇದು, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ ಕಾಣದಿದ್ದರೆ ಬಯಾಸ್ ಸೆಟಿಂಗ್ ನೋಡಿ. ಕೆಲವು ಯಂತ್ರಗಳಲ್ಲಿ ರೇಡ್ ಮೋಡ್ ಇದ್ದರೆ ಡಿಸ್ಕು ಸಾಟಾ ಕಂಟ್ರೋಲರ್ ಹಿಂದೆ ಅಡಗಿ ಕೂರುತ್ತೆ. ಹೀಗೆ ಅಡಗಿದ್ದನ್ನ ಕಂಡರೆ ಎಎಚ್‌ಸಿಐ ಡ್ರೈವರೇ ಬೂಟ್ ಲಾಗ್‌ನಲ್ಲಿ ಒಂದು ಸಾಲು ಬರೆದು ಮೋಡ್ ಬದಲಿಸಿ ಅಂತ ಹೇಳುತ್ತೆ. ಇನ್ನು ಕೆಲವದರಲ್ಲಿ ಇಂಟೆಲ್‌ನ ವಿಎಂಡಿ ಇರುತ್ತೆ, ಅದಕ್ಕೆ ಅದರದೇ ಡ್ರೈವರ್ ಸೇರಿಸಬೇಕು. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಸುಮ್ಮನೆ ಮೋಡ್ ಬದಲಿಸಬೇಡಿ, ಅದು ಏಳದೇ ಹೋಗಬಹುದು.

ಕೊನೇದು, ಹಳೇ ಕರ್ನೆಲ್ ಅಳಿಸಬೇಡಿ. ಜಾಗ ಇಲ್ಲದಿದ್ದರೆ ಜಾಗ ಮಾಡಿ.

ನನ್ನ ಲ್ಯಾಬ್‌ಮೇಟ್ ಏನಂದ ಅಂತ ವಿಡಿಯೋ ರೆಕಾರ್ಡ್ ಮಾಡುವಾಗ ನಮ್ಮ ಹುಡುಗರು ಕೇಳಿದರು. ಅವನು ಬೈಯಲಿಲ್ಲ. ಮೊದಲ ವಾರದ ರೀಡಿಂಗ್ಸ್ ಅವನ ಪೆನ್‌ಡ್ರೈವ್‌ನಲ್ಲಿ ಸಿಕ್ಕವು. ಉಳಿದ ಎರಡು ವಾರದ್ದನ್ನ ಇಬ್ಬರೂ ಕೂತು ಮತ್ತೆ ತೆಗೆದೆವು, ರಾತ್ರಿ ಪಾಳಿ ನಂದು. ಆಗ ಅವನು ಎಲ್ಎಸ್‌ಪಿಸಿಐ ಔಟ್‌ಪುಟ್ ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸಿದ್ದ, 1000:0030 ಸಾಲಿಗೆ ಕೆಂಪು ಗೆರೆ ಎಳೆದು. ಈಗ ಅವನು ಹೈದರಾಬಾದಿನಲ್ಲಿದ್ದಾನೆ. ನಾನು ಹೊಸ ಕರ್ನೆಲ್ ಕಟ್ಟಿದೆ ಅಂದಾಗಲೆಲ್ಲ ಇವತ್ತಿಗೂ ಫೋನಿನಲ್ಲಿ ಅವನ ಮೊದಲ ಪ್ರಶ್ನೆ, "ಬ್ಯಾಕಪ್ ತಗೊಂಡ್ಯಾ?"

ತಗೊಂಡಿದ್ದೀನಿ ಮಾರಾಯ.